ಬಾಡಿಗೆ ಕಾರು ಮಾಡಿದ್ದೀರಾ? ದುರ್ಗ ನೋಡಿಕೊಂಡೇ ಬನ್ನಿ

ಮದುವೆ ಸೀಸನ್ ಶುರುವಾಯಿತು ಅಂದರೆ ದಾವಣಗೆರೆಯ ನಮ್ಮ ಬೀದಿಗಳಲ್ಲಿ ಹಳದಿ ಬೋರ್ಡಿನ ಕಾರುಗಳು ಬಂದು ನಿಲ್ಲುತ್ತವೆ. ಎಲ್ಲವೂ ಬೆಂಗಳೂರು ಏರ್‌ಪೋರ್ಟಿನಿಂದ ಬಂದಂಥವು. ದುಬೈನಿಂದ ಅತ್ತೆಯ ಮಗ, ಅಮೆರಿಕದಿಂದ ಭಾವನ ತಮ್ಮ, ಜೊತೆಗೆ ಕೋಟೆ ಅಂದರೆ ಕಾರ್ಟೂನಿನಲ್ಲಿ ಮಾತ್ರ ನೋಡಿರುವ ಅವರ ಮಕ್ಕಳು. ಇವರೆಲ್ಲ ಬರುವುದು ಚಿತ್ರದುರ್ಗದ ಮೇಲೇ. ಬೇರೆ ದಾರಿ ಎಲ್ಲಿದೆ? ಆದರೆ "ದುರ್ಗ ನೋಡಿದ್ರಾ?" ಅಂತ ಕೇಳಿದರೆ ಒಂದೇ ಉತ್ತರ. "ಇಲ್ಲಪ್ಪ, ಬೈಪಾಸಲ್ಲಿ ಬಂದ್ವಿ. ಗುಡ್ಡದ ಮೇಲೆ ಗಾಳಿ ಫ್ಯಾನು ಕಾಣಿಸ್ತು."

ಗಾಳಿ ಫ್ಯಾನು! ಹೈದರಾಲಿಯಂಥವನಿಗೇ ಸುಲಭಕ್ಕೆ ಬಗ್ಗದ ಊರಿನ ಪಕ್ಕ ಹಾದು ಬಂದು ಇವರು ನೋಡಿದ್ದು ಗಾಳಿ ಫ್ಯಾನು.

ನನಗೆ ಇದು ಸರಿ ಕಾಣುವುದಿಲ್ಲ. ಹೇಗೂ ಕಾರಿಗೆ ದುಡ್ಡು ಕೊಡುತ್ತಿದ್ದೀರಿ. ಅದೇ ದಿನಕ್ಕೆ ಕೋಟೆಯನ್ನೂ ಸೇರಿಸಿಕೊಳ್ಳಿ. ಆದರೆ ಗೈಡ್ ಇಲ್ಲದೆ ಸೇರಿಸಬೇಡಿ. ಈ ಎರಡನೇ ಮಾತಿಗೇ ಜನ ನನ್ನ ಜೊತೆ ಜಗಳಕ್ಕೆ ಬರುವುದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ಔಟ್‌ಸ್ಟೇಷನ್ ಬಾಡಿಗೆ ಅಂದರೆ ಸಾಮಾನ್ಯವಾಗಿ ಹೋಗಿ ಬರುವ ಎರಡೂ ಕಡೆಯ ಕಿಲೋಮೀಟರ್ ನಿಮ್ಮ ತಲೆ ಮೇಲೇ ಬೀಳುತ್ತದೆ. ಅದರ ಜೊತೆ ಡ್ರೈವರ್ ಬಾಟಾ, ಟೋಲ್. ಇಷ್ಟೆಲ್ಲ ಕೊಟ್ಟ ಮೇಲೆ ಕಾರು ಆ ದಿನಕ್ಕೆ ನಿಮ್ಮದೇ. ದುರ್ಗದಲ್ಲಿ ಬೈಪಾಸ್ ಬಿಟ್ಟು ಊರೊಳಗೆ ಬಂದು ಕೋಟೆ ಬಾಗಿಲಲ್ಲಿ ನಿಲ್ಲಿಸಿದರೆ ಮೀಟರಿಗೆ ನಾಲ್ಕಾರು ಕಿಲೋಮೀಟರ್ ಜಾಸ್ತಿ ಆಗಬಹುದು, ಅಷ್ಟೇ. ಇದೇ ಕೋಟೆಯನ್ನು ನೋಡೋಕೆ ಅಂತಲೇ ಬೆಂಗಳೂರಿನಿಂದ ಇನ್ನೊಂದು ಸಲ ಕಾರು ಮಾಡಿಕೊಂಡು ಬಂದರೆ ಎಷ್ಟಾಗುತ್ತೆ ಅಂತ ನೀವೇ ಗುಣಿಸಿ ನೋಡಿ.

ಒನ್‌ವೇ ಡ್ರಾಪ್ ಬುಕ್ ಮಾಡಿದವರ ಕತೆ ಬೇರೆ. ಅಲ್ಲಿ ರೇಟು ಕಡಿಮೆ ಇರುವುದೇ ಗಾಡಿ ಬೇಗ ಬಿಡುಗಡೆಯಾಗುತ್ತೆ ಅನ್ನುವ ಲೆಕ್ಕದಲ್ಲಿ. ಡ್ರೈವರಿಗೆ ಸಂಜೆ ವಾಪಸ್ ಟ್ರಿಪ್ ಇರುತ್ತೆ. ಹಿರಿಯೂರು ದಾಟಿದ ಮೇಲೆ ನೀವು ಇದ್ದಕ್ಕಿದ್ದ ಹಾಗೆ "ಅಣ್ಣಾ, ದುರ್ಗದಲ್ಲಿ ಒಂದು ಮೂರು ಗಂಟೆ ನಿಲ್ಲಿಸಿ" ಅಂದರೆ ಅವನ ಮುಖ ಗಂಟಾಗದೆ ಇನ್ನೇನಾಗುತ್ತೆ? "ಸಾರ್, ಕೋಟೆ ಅರ್ಧ ಗಂಟೇಲಿ ಮುಗಿಯುತ್ತೆ, ಬರೀ ಕಲ್ಲು" ಅಂತಾನೆ. ಅವನನ್ನು ಬೈಯಬೇಡಿ. ಬುಕ್ ಮಾಡುವಾಗಲೇ ಹೇಳಿ. ದುರ್ಗದಲ್ಲಿ ಇಷ್ಟು ಗಂಟೆ ನಿಲ್ಲಬೇಕು, ವೇಟಿಂಗಿಗೆ ಎಷ್ಟು ಅಂತ ಕೇಳಿ, ಮೆಸೇಜಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ "ಆಗುತ್ತೆ ಬಿಡಿ ಸಾರ್" ಅಂದವರು ಬಿಲ್ ಕೊಡುವಾಗ ಬೇರೆ ಮಾತು ಆಡುತ್ತಾರೆ, ಅದನ್ನು ನೋಡಿದ್ದೇನೆ.

ಡ್ರೈವರಿಗೆ ಊಟಕ್ಕೆ ಬೇರೆ ಕೊಡಿ, ನೆರಳಲ್ಲಿ ಗಾಡಿ ಹಾಕಿಕೊಂಡು ಮಲಗಲಿ. ಅವನು ಮಧ್ಯರಾತ್ರಿಯಿಂದ ಏರ್‌ಪೋರ್ಟಿನಲ್ಲಿ ಕಾದವನು. ಹಾಗೆಯೇ ಮದುವೆ ಬಂಗಾರ, ಪಾಸ್‌ಪೋರ್ಟು, ಲ್ಯಾಪ್‌ಟಾಪು ಇದನ್ನೆಲ್ಲ ಡಿಕ್ಕಿಯಲ್ಲಿ ಬಿಟ್ಟು ಗುಡ್ಡ ಹತ್ತಬೇಡಿ. ಒಂದು ಸಣ್ಣ ಚೀಲದಲ್ಲಿ ಹಾಕಿ ಬೆನ್ನಿಗೆ ಏರಿಸಿಕೊಳ್ಳಿ.

ಈಗ ಗೈಡ್ ವಿಷಯ.

ನಮ್ಮ ಜನಕ್ಕೆ ಇದೊಂದು ವಿಚಿತ್ರ ರೋಗ. ಕಾರಿಗೆ ಸಾವಿರಗಟ್ಟಲೆ ಕೊಡುತ್ತಾರೆ, ಹೈವೇ ಹೋಟೆಲಿನಲ್ಲಿ ಕಾಫಿಗೆ ಕೇಳಿದಷ್ಟು ಕೊಡುತ್ತಾರೆ. ಕೋಟೆ ಬಾಗಿಲಲ್ಲಿ ಗೈಡ್ ತನ್ನ ರೇಟು ಹೇಳಿದ ಕೂಡಲೇ "ಯೂಟ್ಯೂಬಲ್ಲಿ ಎಲ್ಲ ಇದೆ ಬಿಡ್ರಿ" ಅಂತ ಮುಂದೆ ಹೋಗುತ್ತಾರೆ. ಸರಿ, ಹೋಗಿ ಏನು ನೋಡುತ್ತಾರೆ? ಒಂದು ಬಾಗಿಲು, ಇನ್ನೊಂದು ಬಾಗಿಲು, ಬಂಡೆ, ಕೋತಿ, ಸೆಲ್ಫಿ. ಬಿಸಿಲೇರಿದ ಮೇಲೆ ಮಕ್ಕಳು ಅಳೋಕೆ ಶುರು. ಒಂದು ಗಂಟೆಗೆ ವಾಪಸ್. ಆಮೇಲೆ ಊರೆಲ್ಲ ಹೇಳಿಕೊಂಡು ಬರುವುದು, "ಅಂಥಾದ್ದೇನಿಲ್ಲ, ಬರೀ ಕಲ್ಲು."

ಗೈಡ್ ಇದ್ದರೆ ಮೊದಲ ಬಾಗಿಲಲ್ಲೇ ಕಾಲು ಗಂಟೆ ಹೋಗುತ್ತದೆ. ದಾರಿ ಯಾಕೆ ನೇರ ಇಲ್ಲ, ಬಾಗಿಲಿಗೆ ಬರುವ ಹೊತ್ತಿಗೆ ಯಾಕೆ ಗಕ್ಕನೆ ತಿರುಗುತ್ತೆ ಅಂತ ಕೇಳುತ್ತಾನೆ. ನೀವು ತಲೆ ಕೆರೆದುಕೊಳ್ಳುತ್ತೀರಿ. ಆನೆ ಓಡಿ ಬಂದು ಗುದ್ದಬೇಕಾದರೆ ಅದಕ್ಕೆ ಓಡೋಕೆ ಜಾಗ ಬೇಕಲ್ಲ, ಆ ಜಾಗವನ್ನೇ ಕೊಟ್ಟಿಲ್ಲ. ತಿರುವಿನಲ್ಲಿ ನಿಂತವನ ಮೇಲೆ ಮೂರು ಕಡೆಯ ಗೋಡೆಯಿಂದಲೂ ಕಲ್ಲು ಬೀಳಬಹುದು. ಆಮೇಲೆ ಗೋಡೆ ಮುಟ್ಟಿಸುತ್ತಾನೆ. ಕಲ್ಲಿಗೆ ಕಲ್ಲು ಕೂತಿದೆ, ನಡುವೆ ಗಾರೆ ಇಲ್ಲ. ಪಕ್ಕದ ಬಂಡೆಯಲ್ಲಿ ಸಾಲಾಗಿ ಗುಳಿಗಳು. ಅವುಗಳಲ್ಲಿ ಬೆಣೆ ಹೊಡೆದು ಬಂಡೆ ಸೀಳಿದ್ದು. ಒಂದು ಕಡೆ ಸೀಳೋಕೆ ಹೊರಟು ಅರ್ಧಕ್ಕೇ ಬಿಟ್ಟ ಬಂಡೆ ಹಾಗೇ ಇದೆ. ಕೋಟೆ ಕಟ್ಟಿದ ಕಲ್ಲು ಎಲ್ಲಿಂದಲೋ ಬಂದದ್ದಲ್ಲ, ನೀವು ನಿಂತ ಗುಡ್ಡದ್ದೇ ಅಂತ ಆಗ ಗೊತ್ತಾಗುತ್ತದೆ.

ಕೋವಿಮದ್ದು ಬೀಸುವ ಕಲ್ಲುಗಳನ್ನು ನೋಡಿ. ತಗ್ಗಿನಲ್ಲಿ ನಾಲ್ಕು ಭಾರೀ ಕಲ್ಲುಗಳಿವೆ. ಮನುಷ್ಯರು ತಿರುಗಿಸುವ ಮಾತೇ ಇಲ್ಲ, ಆನೆಯನ್ನೋ ಎತ್ತನ್ನೋ ಕಟ್ಟಿ ತಿರುಗಿಸುತ್ತಿದ್ದರು ಅನ್ನುತ್ತಾರೆ. ಗೊತ್ತಿಲ್ಲದವರು ಅದರ ಮೇಲೆ ಕೂತು ಚಿಪ್ಸ್ ತಿನ್ನುತ್ತಾರೆ.

ಓಬವ್ವನ ಕಿಂಡಿಗೆ ಬಂದಾಗ ಒಳ್ಳೆಯ ಗೈಡ್ ಕತೆ ಹೇಳೋಕೆ ಶುರು ಮಾಡುವುದಿಲ್ಲ. ಮೊದಲು ನಿಮ್ಮನ್ನೇ ಒಳಗೆ ತೂರಿಸುತ್ತಾನೆ. ತಲೆ ಬಗ್ಗಿಸಬೇಕು, ಭುಜ ಓರೆ ಮಾಡಬೇಕು, ಒಂದು ಕೈ ಬಂಡೆಗೆ ಊರಬೇಕು. ಆಚೆ ಬದಿಗೆ ಮೊದಲು ಹೊರಬರುವುದು ತಲೆ. ಆ ಕ್ಷಣದಲ್ಲಿ ಕೈಯಲ್ಲಿ ಕತ್ತಿ ಇದ್ದರೂ ಬೀಸೋಕೆ ಆಗುವುದಿಲ್ಲ, ಹಿಂದಕ್ಕೆ ಸರಿಯೋಣ ಅಂದರೆ ಹಿಂದೆ ಇನ್ನೊಬ್ಬ. ಆಮೇಲೆ ಹೇಳುತ್ತಾನೆ, "ಈಗ ಇಲ್ಲಿ ಒನಕೆ ಹಿಡಿದು ಒಬ್ಬಳು ನಿಂತಿದ್ದಾಳೆ ಅಂದ್ಕೊಳ್ಳಿ ಸಾರ್." ಕಹಳೆ ಮುದ್ದಹನುಮ ಊಟಕ್ಕೆ ಕೂತದ್ದು, ಅವಳು ನೀರಿಗೆ ಬಂದದ್ದು, ಗಂಡನ ಊಟ ಕೆಡಿಸಬಾರದು ಅಂತ ತಾನೇ ನಿಂತದ್ದು, ಈ ಕತೆಯನ್ನು ನಾವೆಲ್ಲ ಸ್ಕೂಲಿನಲ್ಲಿ ಓದಿದ್ದೇವೆ. ಆದರೆ ಒಬ್ಬಳು ಅಷ್ಟು ಜನರನ್ನು ಹೇಗೆ ಹೊಡೆದಳು ಅನ್ನುವ ಅನುಮಾನ ಹೋಗುವುದು ಆ ಕಿಂಡಿಯಲ್ಲಿ ತೂರಿ ಬಂದಾಗ. ಪಕ್ಕದಲ್ಲೇ ತಣ್ಣೀರು ದೋಣಿ. ಅವಳು ನೀರಿಗೆ ಬಂದ ಜಾಗ ಎಷ್ಟು ಹತ್ತಿರ ಅಂತ ಕಣ್ಣಿಗೇ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೀರಿನ ವ್ಯವಸ್ಥೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ, ಬಂಡೆ ಗುಡ್ಡದ ಮೇಲೆ, ಬಿದ್ದ ಹನಿಯನ್ನು ಒಂದರಿಂದ ಒಂದಕ್ಕೆ ಇಳಿಸಿಕೊಂಡು ಬಂದಿದ್ದಾರೆ. ಶತ್ರು ತಿಂಗಳುಗಟ್ಟಲೆ ಸುತ್ತುವರಿದು ಕೂತರೂ ಒಳಗಿನವರು ಬಾಯಾರಿ ಸಾಯಲಿಲ್ಲ ಅಂದರೆ ಇದೇ ಕಾರಣ. ಮೇಲ್ಕೋಟೆಯಲ್ಲಿ ಅರಮನೆಯ ಮಣ್ಣಿನ ಗೋಡೆಗಳು ಇನ್ನೂ ನಿಂತಿವೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಕೊನೆಯ ಮದಕರಿ ನಾಯಕನನ್ನು ಸೆರೆ ಒಯ್ದ ಮೇಲೆ ಆ ಮನೆಗಳಿಗೆ ಒಡೆಯರೇ ಇಲ್ಲ.

ಎಲ್ಲ ಗೈಡುಗಳೂ ಒಂದೇ ಥರ ಇರುತ್ತಾರೆ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಸಿನಿಮಾ ಶೂಟಿಂಗ್ ನಡೆದ ಜಾಗ ತೋರಿಸುವುದರಲ್ಲೇ ಉಮೇದು. ಇನ್ನು ಕೆಲವರು 19 ಬಾಗಿಲು, 38 ದಿಡ್ಡಿ, 35 ಗುಪ್ತ ದಾರಿ ಅಂತ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ ಮುಗಿಸುತ್ತಾರೆ. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ತೋರಿಸುವಾಗ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ಅಂಥ ಕತೆಗಳನ್ನು ಖುಷಿಯಾಗಿ ಕೇಳುತ್ತೇನೆ. ಆದರೆ ಹೊರಡುವ ಮೊದಲೇ ಒಂದು ಮಾತು ಹೇಳಿಬಿಡಿ. "ಅಣ್ಣಾ, ನಮಗೆ ನೀರು ಹೆಂಗೆ ಹರೀತಿತ್ತು ಅದನ್ನ ತೋರಿಸಿ, ಶೂಟಿಂಗ್ ಜಾಗ ಬೇಡ." ಈ ಮಾತು ಕೇಳಿ ಮುಖ ಅರಳಿದರೆ ಅವನೇ ನಿಮ್ಮ ಗೈಡ್. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದೆಯಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. ರೇಟನ್ನು ಕೆಳಗೇ ಮಾತಾಡಿಕೊಳ್ಳಿ, ಮೇಲೆ ಹತ್ತಿದ ಮೇಲಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಡ್ರೈವರೇ ಗೈಡ್ ಆಗುವ ಪ್ಯಾಕೇಜು ಬೇಡ. "ನಮ್ಮ ಡ್ರೈವರಿಗೆ ಎಲ್ಲ ಗೊತ್ತು" ಅಂತ ಟ್ರಾವೆಲ್ಸಿನವರು ಹೇಳುತ್ತಾರೆ. ರಾತ್ರಿಯೆಲ್ಲ ಓಡಿಸಿದವನು ಬಿಸಿಲಲ್ಲಿ ನಿಮ್ಮ ಜೊತೆ ಗುಡ್ಡ ಹತ್ತಿ ಇಳಿದು, ಮತ್ತೆ ಸ್ಟೇರಿಂಗ್ ಹಿಡಿದರೆ ನಿದ್ದೆ ಬಾರದೆ ಇರುತ್ತಾ? ಅಲ್ಲದೆ ದುರ್ಗದ ದುಡ್ಡು ದುರ್ಗದಲ್ಲಿ ಉಳಿಯಬೇಕು. ಆ ಗುಡ್ಡವನ್ನು ದಿನಾ ಹತ್ತುವವನಿಗೆ ಗೊತ್ತಿರುವ ಸಂದಿ ಬೆಂಗಳೂರಿನ ಡ್ರೈವರಿಗೆ ಎಲ್ಲಿಂದ ಗೊತ್ತಾಗಬೇಕು?

ಮನೆಯಲ್ಲಿ ಮಂಡಿ ನೋವಿನವರಿದ್ದರೆ ಅವರನ್ನು ಕಾರಿನಲ್ಲೇ ಕೂರಿಸಿ ಹೋಗಬೇಡಿ, ಪಾಪ. ಊರಿಗೆ ಅಂಟಿಕೊಂಡೇ ಚಂದ್ರವಳ್ಳಿ ಇದೆ. ಕೆರೆ ದಂಡೆವರೆಗೆ ಕಾರು ಹೋಗುತ್ತದೆ, ನೆರಳಿದೆ. ನೋಡಿದರೆ ಪಿಕ್ನಿಕ್ ಜಾಗದ ಹಾಗೆ ಕಾಣುತ್ತದೆ. ಆದರೆ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ನಾಲ್ಕನೇ ಶತಮಾನದ್ದು, ಪ್ರಾಕೃತದಲ್ಲಿ, ಕೆರೆ ಕಟ್ಟಿಸಿದ ವಿಷಯ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ. ಶಾತವಾಹನರ ನಾಣ್ಯಗಳ ಜೊತೆ ರೋಮಿನ ನಾಣ್ಯಗಳೂ ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕಿವೆ. ರೋಮಿನ ದುಡ್ಡು ನಮ್ಮ ದುರ್ಗದಲ್ಲಿ! ಅಂಕಳಿ ಮಠದ ಗುಹೆಗೆ ಇಳಿಯುವುದಾದರೆ ಮಾತ್ರ ಟಾರ್ಚು, ಗೊತ್ತಿರುವ ಮನುಷ್ಯ ಎರಡೂ ಬೇಕೇ ಬೇಕು. ಒಳಗೆ ಕಗ್ಗತ್ತಲು, ಕೋಣೆಯೊಳಗೆ ಕೋಣೆ.

ದಾವಣಗೆರೆಗಲ್ಲ, ಹಂಪಿಗೆ ಕಾರು ಮಾಡಿಕೊಂಡು ಹೋಗುವವರಿಗೂ ಇದೇ ಮಾತು. ಅವರೂ ದುರ್ಗದಲ್ಲೇ ಹೊಸಪೇಟೆ ರಸ್ತೆಗೆ ತಿರುಗುವುದು. ಒಂದು ದಿನ ಬಿಡುವಿದ್ದರೆ ಚಳ್ಳಕೆರೆ ಕಡೆ ಹೊರಳಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ. ಸುತ್ತು ಆಗುತ್ತೆ, ಒಪ್ಪಿದೆ. ಆದರೆ ಅಲ್ಲಿರುವುದು ಅಶೋಕನ ಶಾಸನ. ಶಾಸನ ತಜ್ಞ ಬಿ.ಎಲ್. ರೈಸ್ 1890ರ ದಶಕದಲ್ಲಿ ಪತ್ತೆ ಮಾಡಿದ್ದು. ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಬರೆದದ್ದು. ಅಪ್ಪ ಅಮ್ಮನ ಮಾತು ಕೇಳಿ, ನಿಜ ಹೇಳಿ, ಗುರುವಿಗೆ ಗೌರವ ಕೊಡಿ ಅಂತ ಇದೆ. ಕೊನೆಯಲ್ಲಿ ಚಪಡ ಅನ್ನುವ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ, ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಗಡಿಯ ಕಡೆಯ ಲಿಪಿ. ಯಾವ ಊರಿನವನೋ, ಮೊಳಕಾಲ್ಮೂರಿನ ಬಂಡೆ ಮೇಲೆ ಸಣ್ಣ ಗತ್ತು ತೋರಿಸಿ ಹೋಗಿದ್ದಾನೆ. ವಿವರಿಸಿ ಹೇಳುವವರು ಇಲ್ಲದಿದ್ದರೆ ಇದು ನಿಮಗೆ ಬರೀ ಗೀಚು. ಹಾಗಾಗಿ ದುರ್ಗದಿಂದಲೇ ಗೊತ್ತಿರುವ ಒಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವುದು ಒಳ್ಳೆಯದು. ಅವರನ್ನು ವಾಪಸ್ ದುರ್ಗ ಮುಟ್ಟಿಸುವ ಬಸ್ ಚಾರ್ಜು ನಿಮ್ಮದೇ ಅಂತ ಬೇರೆ ಹೇಳಬೇಕಾ?

ಸಮಯದ ಬಗ್ಗೆ. ಬೆಂಗಳೂರು ಐದಕ್ಕೆ ಬಿಡಿ, ಒಂಬತ್ತಕ್ಕೆ ಕೋಟೆ ಬಾಗಿಲು. ಮಾರ್ಚ್ ಮೇಲೆ ಹತ್ತು ಗಂಟೆಯ ನಂತರ ಆ ಬಂಡೆಗಳು ಕಾದ ಹೆಂಚು. ಡಿಸೆಂಬರಿನಲ್ಲಿ ಸ್ಕೂಲ್ ಟ್ರಿಪ್ಪಿನ ಬಸ್ಸುಗಳು, ಕಿಂಡಿಯ ಮುಂದೆ ಕ್ಯೂ. ಚಪ್ಪಲಿ ಬೇಡ, ಶೂ ಹಾಕಿ. ನೀರು ಕೆಳಗೇ ತಗೊಳ್ಳಿ. ಮೂರು ಗಂಟೆ ಸುತ್ತಿ ಹೊರಟರೆ ದಾವಣಗೆರೆ 60 ಕಿಲೋಮೀಟರ್, ಊಟದ ಹೊತ್ತಿಗೆ ಮನೆ. ಬೆಣ್ಣೆ ದೋಸೆ ಸಂಜೆಗೆ ಇಟ್ಟುಕೊಳ್ಳಿ.

ಟ್ರಾವೆಲ್ಸ್ ನಡೆಸುವ ನಮ್ಮೂರಿನ ಸ್ನೇಹಿತರಿಗೂ ಒಂದು ಮಾತು. ಏರ್‌ಪೋರ್ಟ್ ಪಿಕಪ್ಪಿಗೆ ರೇಟು ಹೇಳುವಾಗ "ದುರ್ಗದಲ್ಲಿ ಮೂರು ಗಂಟೆ ಹಾಲ್ಟ್, ಗೈಡ್ ಸೇರಿ ಇಷ್ಟು" ಅಂತ ಇನ್ನೊಂದು ಸಾಲು ಯಾಕೆ ಸೇರಿಸಬಾರದು? ಗೈಡಿನ ದುಡ್ಡನ್ನು ಗೈಡಿಗೇ ಪೂರ್ತಿ ಕೊಡಿ, ಅದರಲ್ಲಿ ಕಮಿಷನ್ ಹಿಡಿಯಬೇಡಿ. ಈ ಸೀಸನ್ನಿಗೆ ನಮ್ಮ ಮನೆಗೆ ಬರುವವರಿಗೆಲ್ಲ ನಾನೇ ಕಾರು ಹೇಳಬೇಕಿದೆ. ಆ ಸಾಲು ಯಾರ ಕೊಟೇಶನ್ನಿನಲ್ಲಿ ಇರುತ್ತೋ ಅವರಿಗೇ ಬಾಡಿಗೆ.