ಕುರ್ಚಿ ಹಿಂದೆ ನಿಂತವರ ಮಾತು: ಗೇಮ್ ಕಾಮೆಂಟರಿಗೆ ಫೋರಂ ಗುಂಪುಗಳಿಂದ ಒಳ್ಳೇದಾಯ್ತಾ?

ಪರ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಸೈಬರ್ ಕೆಫೆಯಲ್ಲಿ ನಾನು ಗೇಮ್ ಆಡಿದ್ದಕ್ಕಿಂತ ನೋಡಿದ್ದೇ ಜಾಸ್ತಿ. ದುಡ್ಡು ಕೊಟ್ಟು ಕೂತವನು ಒಬ್ಬ, ಕುರ್ಚಿ ಹಿಂದೆ ನಿಂತವರು ನಾಲ್ವರು. "ಎಡಕ್ಕ ಹೊಳ್ಳಲೇ! ಬಾಗಿಲ ಹಿಂದ ಅದಾನ!" ಆಡುವವನು ಸೋತ ಮೇಲೂ ನಮ್ಮ ಮಾತು ನಿಲ್ಲುತ್ತಿರಲಿಲ್ಲ.

ಇದನ್ನೇ ಒಂದು ಕಲೆ ಮಾಡಿದವರು ಅಮೆರಿಕದ ಸಮ್‌ಥಿಂಗ್ ಆಫುಲ್ ಅನ್ನೋ ಇಂಟರ್‌ನೆಟ್ ಹರಟೆ ಫೋರಂನವರು. 2000ದ ದಶಕದ ನಡುವಿನ ಮಾತು. ಆಟದ ಸ್ಕ್ರೀನ್‌ಶಾಟ್ ಹಾಕಿ ಕೆಳಗೆ ತಮಾಷೆ ಬರೆಯುತ್ತಿದ್ದರು. ಮುಂದೆ ಯಾವ ಕಡೆ ಹೋಗಲಿ ಅಂತ ಓದುವವರನ್ನೇ ಕೇಳುತ್ತಿದ್ದರು. ಇದಕ್ಕೆ 'ಲೆಟ್ಸ್ ಪ್ಲೇ' ಅನ್ನೋ ಹೆಸರು ಹಬ್ಬಿದ್ದು ಅಲ್ಲಿಂದ. ಸ್ಲೋಬೀಫ್ ಅಂತ ಹೆಸರಿಟ್ಟುಕೊಂಡಿದ್ದ ಮೈಕೆಲ್ ಸಾಯರ್ 2007ರಲ್ಲಿ ಬರಹ ಬಿಟ್ಟು ದನಿ ಕೊಟ್ಟ, ವಿಡಿಯೊ ಮಾಡಿದ. ಆ ಫೋರಂ ಸೇರಲು ಸುಮಾರು 10 ಡಾಲರ್ ಕೊಡಬೇಕಿತ್ತು. ಕಾಸು ಕೊಟ್ಟು ಬಂದವರು ಸುಮ್ನೆ ಬೋರ್ ಹೊಡೆಸಿದರೆ ಬಿಡ್ತಾರಾ? ಹೇಳುವವನು ಮಾತನ್ನು ತಿದ್ದಿಕೊಳ್ಳಲೇಬೇಕಾಯ್ತು.

ಇನ್ನೊಂದು ಗುಂಪು ಸ್ಪೀಡ್ ಡೆಮೋಸ್ ಆರ್ಕೈವ್. ಆಟವನ್ನು ಆದಷ್ಟು ಬೇಗ ಮುಗಿಸುವುದೇ ಅವರ ಹುಚ್ಚು. 2010ರ ಜನವರಿಯಲ್ಲಿ ಒಬ್ಬರ ಮನೆಯ ನೆಲಮಾಳಿಗೆಯಲ್ಲಿ ಸೇರಿ, ಆಡುತ್ತಾ 10 ಸಾವಿರ ಡಾಲರ್‌ಗೂ ಜಾಸ್ತಿ ದೇಣಿಗೆ ಎತ್ತಿದರು. ಅದೇ ಮುಂದೆ ಗೇಮ್ಸ್ ಡನ್ ಕ್ವಿಕ್ ಅನ್ನೋ ದೇಣಿಗೆ ಕಾರ್ಯಕ್ರಮ ಆಯ್ತು. ಇವತ್ತಿಗೂ ಅಲ್ಲಿ ಒಬ್ಬ ಆಡ್ತಾನೆ, ಬೆನ್ನ ಹಿಂದೆ ಸೋಫಾದಲ್ಲಿ ಕೂತವರು ಒಂದೊಂದು ಚಾಲಾಕಿಯನ್ನೂ ಬಿಡಿಸಿ ಹೇಳ್ತಾರೆ. ನಮ್ಮ ನಾಲ್ವರೇ, ಸೋಫಾ ಒಂದು ಜಾಸ್ತಿ.

ವಿರೋಧ

ಸೈಬರ್ ಕೆಫೆಯ ಆ ನಾಲ್ವರ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿ ಬೈದವನೂ ಬೈಸಿಕೊಂಡವನೂ ಆಮೇಲೆ ಒಂದೇ ಪ್ಲೇಟ್ ಮಿರ್ಚಿ ಭಜಿ ತಿನ್ನುತ್ತಿದ್ದರು. ಫೋರಂನಲ್ಲಿ ಯಾರಿಗೆ ಯಾರ ಮುಖವೂ ಕಾಣಲ್ಲ. ಯಾರು ಜಾಸ್ತಿ ಚುಚ್ಚುತ್ತಾರೋ ಅವರಿಗೇ ಶಿಳ್ಳೆ. ಕಾಮೆಂಟರಿ ಈ ಚಟವನ್ನೂ ಕಲಿತಿದ್ದು ಅಲ್ಲೇ.

ಆಮೇಲೆ ಅದು ಕೋಟಿಗಟ್ಟಲೆ ಜನರ ಮುಂದೆ ಬಂತು. 2017ರಲ್ಲಿ ಸ್ವೀಡನ್‌ನ ಯೂಟ್ಯೂಬರ್ ಪ್ಯೂಡಿಪೈ ಪಬ್‌ಜಿ ಲೈವ್ ಆಡುತ್ತಾ ಕಪ್ಪು ಜನರನ್ನು ಹೀಯಾಳಿಸುವ ಬೈಗುಳ ಬಳಸಿದ. ಬೇಕಂತಲೇ ಅಲ್ಲ, ಕೋಪದಲ್ಲಿ ಬಾಯಿಗೆ ಬಂತು ಅಂದ. ಬಾಯಿಗೆ ಬರುವಷ್ಟು ರೂಢಿಯಾಗಿದ್ದು ಹೇಗೆ, ಅದನ್ನ ಕೇಳಬೇಕಲ್ವಾ? ಫೈರ್‌ವಾಚ್ ಆಟ ಮಾಡಿದ ಕ್ಯಾಂಪೊ ಸ್ಯಾಂಟೊ ಕಂಪನಿ, ಅವನು ನಮ್ಮ ಆಟ ಆಡಿದ ವಿಡಿಯೊ ತೆಗೆಯಿರಿ ಅಂತ ನೋಟಿಸ್ ಕೊಟ್ಟಿತು.

ನಮ್ಮ ಹುಡುಗರೂ ಮೈಕ್ ಹಿಡಿದರೆ ಮುಂಬೈ ಹಿಂದಿಯ ಬೈಗುಳವೇ. ನಮ್ಮ ಕಡೆ ಬೈಗುಳಕ್ಕೇನು ಬರ ಇದೆಯಾ, ಅದನ್ನೂ ಹೊರಗಿಂದ ತರಬೇಕಾ!

ನನ್ನ ತಂಗಿ ಬಿಜಿಎಂಐ, ಅಂದರೆ ಪಬ್‌ಜಿಯ ಭಾರತದ ಆವೃತ್ತಿ, ನನಗಿಂತ ಚೆನ್ನಾಗಿ ಆಡ್ತಾಳೆ. ಮೈಕ್ ಮಾತ್ರ ಆನ್ ಮಾಡಲ್ಲ. ಹುಡುಗಿ ದನಿ ಕೇಳಿದ ಕೂಡಲೇ ಆಟ ಬಿಟ್ಟು ಅವಳ ಮೇಲೆ ಮಾತು ಶುರುವಾಗುತ್ತದೆ. ನಾನು ಆಡುವಾಗ ಹಿಂದೆ ನಿಂತು ಮೆಲ್ಲಗೆ ಹೇಳ್ತಾಳೆ, "ಅಣ್ಣಾ, ಎಡಕ್ಕ ಹೊಳ್ಳು." ಅದು ನನ್ನೊಬ್ಬನಿಗೇ ಕೇಳಿಸುತ್ತದೆ.