ಎಣ್ಣೆಗೆ ಮೊದಲು ಮಾತು

ಕಳೆದ ತಿಂಗಳು ಒಂದು ಬೆಳಿಗ್ಗೆ, ಮುಂಬೈಯಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದ ದಂಪತಿ ಮನೆಗೂ ಹೋಗದೆ ನೇರವಾಗಿ ಕುಮಟಾದ ನಮ್ಮ ಮಸಾಜ್ ಚಿಕಿತ್ಸಾ ಕೋಣೆಗೆ ಬಂದರು. ಹೆಂಡತಿಗೆ ಬಲಗಾಲಿನ ಮೀನಖಂಡ ಹಿಡಿದುಕೊಂಡಿತ್ತು. "ಚೆನ್ನಾಗಿ ಎಣ್ಣೆ ಹಾಕಿ ತಿಕ್ಕಿಬಿಡಿ, ಸರಿಹೋಗುತ್ತದೆ" ಎಂದರು ಗಂಡ. ಎರಡೂ ಕಾಲುಗಳನ್ನು ಪಕ್ಕಪಕ್ಕದಲ್ಲಿ ಚಾಚಲು ಹೇಳಿ ನೋಡಿದೆ. ಬಲಗಾಲು ಎಡಗಾಲಿಗಿಂತ ದಪ್ಪಗಾಗಿತ್ತು, ಚರ್ಮ ಬಿಗಿದು ಹೊಳೆಯುತ್ತಿತ್ತು. ಕೈಯ ಹಿಂಬದಿ ತಾಗಿಸಿದರೆ ಬೆಚ್ಚಗಿತ್ತು. ಇತ್ತೀಚೆಗೆ ಆಪರೇಷನ್ ಏನಾದರೂ ಆಗಿದೆಯೇ ಎಂದು ಕೇಳಿದೆ. ಮೂರು ವಾರದ ಹಿಂದೆ ಗರ್ಭಕೋಶ ತೆಗೆಸಿದ್ದರು.

ಎಣ್ಣೆಯ ಬಟ್ಟಲನ್ನು ಮುಚ್ಚಿಟ್ಟು, ಈಗಲೇ ಆಸ್ಪತ್ರೆಗೆ ಹೋಗಿ ಎಂದೆ. ಗಂಡನಿಗೆ ಸಿಟ್ಟು ಬಂತು. "ಕಾಲು ತಿಕ್ಕಿಸಿಕೊಳ್ಳಲು ಬಂದರೆ ಪೊಲೀಸರ ಹಾಗೆ ವಿಚಾರಣೆ ಮಾಡುತ್ತೀರಲ್ಲ" ಎಂದು ಬಾಗಿಲಲ್ಲೇ ಕೂಗಾಡಿದರು. ಸಂಜೆ ಅವರೇ ಫೋನ್ ಮಾಡಿದರು. ಸ್ಕ್ಯಾನಿಂಗ್‌ನಲ್ಲಿ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತ್ತು, ಹೆಂಡತಿಯನ್ನು ಒಳರೋಗಿಯಾಗಿ ಸೇರಿಸಿಕೊಂಡಿದ್ದರು. ಅಂಥ ಕಾಲನ್ನು ಒತ್ತಿ ತಿಕ್ಕಿದರೆ ಹೆಪ್ಪಿನ ತುಂಡು ಕಳಚಿಕೊಂಡು ರಕ್ತದ ಜೊತೆ ಮೇಲೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದು. ಆಮೇಲೆ ಮನುಷ್ಯ ಉಳಿಯುತ್ತಾನೆ ಎಂಬ ಖಾತರಿ ಇಲ್ಲ. ಶಸ್ತ್ರಚಿಕಿತ್ಸೆ, ಅದರ ಮೇಲೆ ತಾಸುಗಟ್ಟಲೆ ಕಾಲು ಮಡಚಿ ಕುಳಿತ ಪ್ರಯಾಣ, ಒಂದೇ ಕಾಲಿನ ಊತ: ಈ ಮೂರೂ ಒಟ್ಟಿಗೆ ಕಂಡರೆ ನಮ್ಮಂಥವರು ಕೈ ಹಿಂದಕ್ಕೆ ಎಳೆದುಕೊಳ್ಳಲೇಬೇಕು.

ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಹೆಂಗಸರಿಗೆ ಮಾತ್ರ. ಕುಮಟಾದಲ್ಲಿ ಐದು ದಿನ, ವಾರಕ್ಕೆ ಎರಡು ದಿನ ದೇವಿಮನೆ ಘಟ್ಟ ಹತ್ತಿ ಶಿರಸಿಯಲ್ಲಿ. ಇಷ್ಟು ವರ್ಷಗಳಲ್ಲಿ ನನಗೆ ಗಟ್ಟಿಯಾದ ನಂಬಿಕೆಯೊಂದೇ: ಕೇಳದೆ ಮುಟ್ಟುವವರ ಕೈಗೆ ಮೈ ಕೊಡಬಾರದು. ಕೇಳಿದಾಗ ಮುಚ್ಚಿಡಲೂ ಬಾರದು. ಗೋಕರ್ಣದ ಕಡೆ ಸೀಸನ್ ಶುರುವಾದರೆ ಸಾಕು, ಬಾಗಿಲಿಗೊಂದು ಮಸಾಜ್ ಫಲಕ ಏಳುತ್ತದೆ. ಒಳಗೆ ಹೋದವರಿಗೆ ದರಪಟ್ಟಿ ತೋರಿಸುತ್ತಾರೆ, ಮಲಗಿಸುತ್ತಾರೆ, ಎಣ್ಣೆ ಸುರಿಯುತ್ತಾರೆ. ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಒಬ್ಬರೂ ಕೇಳುವುದಿಲ್ಲ. ಇದು ನನಗೆ ಹೊಟ್ಟೆ ಉರಿಯುವ ವಿಷಯ.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಒಮ್ಮೆ ನಾನೇ ಕೇಳಿರಲಿಲ್ಲ.

ಆಗ ಬೇರೆಯವರ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದೆ, ಎರಡನೇ ವರ್ಷ. ಸಿದ್ದಾಪುರದ ಕಡೆಯ ಅಜ್ಜಿಯೊಬ್ಬರು ಮಂಡಿನೋವಿಗೆ ಬಂದಿದ್ದರು. ಲಕ್ಕಿ ಸೊಪ್ಪು, ಎಕ್ಕದ ಎಲೆ ಹುರಿದು ಬಟ್ಟೆಯಲ್ಲಿ ಕಟ್ಟಿದ ಕಿಳಿಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಒತ್ತಬೇಕಿತ್ತು. ನನ್ನ ಮಣಿಕಟ್ಟಿಗೆ ತಾಗಿಸಿ ನೋಡಿದ್ದೆ, ಬಿಸಿ ತಡೆಯುವಷ್ಟಿತ್ತು. ಮಂಡಿಗೆ ಒತ್ತಿ, ಕೆಳಗೆ ಇಳಿದು, ಪಾದದ ಅಡಿಗೂ ಒತ್ತಿದೆ. ಹೊತ್ತು ಹೋದ ಹಾಗೆ ಕಿಳಿಯನ್ನು ಮತ್ತೆ ಮತ್ತೆ ಕಾಯಿಸುತ್ತೇವೆ, ಪ್ರತಿ ಸಲವೂ ಮಣಿಕಟ್ಟಿಗೆ ಹಿಡಿಯುವ ತಾಳ್ಮೆ ಆ ದಿನ ನನಗಿರಲಿಲ್ಲ. ಹೊರಗೆ ಇನ್ನೂ ಮೂವರು ಕಾಯುತ್ತಿದ್ದರು. "ಬಿಸಿ ಆಗುತ್ತದೆಯೇ ಅಮ್ಮ" ಎಂದು ಕೇಳಿದೆ. "ಇಲ್ಲ ತಂಗಿ, ಹಿತವಾಗಿದೆ" ಎಂದರು. ಅವರು ಸುಳ್ಳು ಹೇಳಿರಲಿಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವರ ಪಾದದ ನರಗಳನ್ನು ಕೊಂದುಹಾಕಿತ್ತು. ಮಾರನೆಯ ದಿನ ಬೆಳಿಗ್ಗೆ ಎರಡೂ ಅಂಗಾಲಿನಲ್ಲಿ ನೀರು ತುಂಬಿದ ಬೊಬ್ಬೆ. ಗಾಯ ಮಾಯಲು ಎರಡು ತಿಂಗಳ ಹತ್ತಿರ ಹಿಡಿಯಿತು. ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತು ಬರುತ್ತಿದ್ದೆ. ಅವರು ಒಮ್ಮೆಯೂ ನನ್ನನ್ನು ಬೈಯಲಿಲ್ಲ, ಹೋದಾಗಲೆಲ್ಲ ಮಜ್ಜಿಗೆ ಕೊಟ್ಟರು. ಆ ಮಜ್ಜಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ನಿಮಗೆ ಸಕ್ಕರೆ ಕಾಯಿಲೆ ಇದೆಯೇ? ಪಾದಕ್ಕೆ ಚಪ್ಪಲಿ ಹಾಕಿದ್ದು ಗೊತ್ತಾಗುತ್ತದೆಯೇ?" ಎರಡು ಪ್ರಶ್ನೆ, ಅರ್ಧ ನಿಮಿಷದ ಕೆಲಸ. ನಾನು ಕೇಳಲಿಲ್ಲ.

ಕೇಳುವುದು ದೊಡ್ಡ ಊರಿನ ಆಸ್ಪತ್ರೆಗಳ ಕಾಗದಪತ್ರದ ಶಿಸ್ತು, ನಮ್ಮ ಸಂಪ್ರದಾಯದಲ್ಲಿ ಕೈಗುಣವೇ ಸಾಕು ಎಂದು ವಾದಿಸುವವರಿದ್ದಾರೆ. ಅವರು ಸಂಪ್ರದಾಯವನ್ನೂ ಸರಿಯಾಗಿ ನೋಡಿಲ್ಲ. ಪ್ರತಿದಿನ ಅಭ್ಯಂಗ ಮಾಡಿಕೊಳ್ಳಬೇಕು, ತಲೆಗೆ, ಕಿವಿಗೆ, ಪಾದಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಬೇಕು ಎನ್ನುವ ಆಯುರ್ವೇದದ ಹಳೆಯ ಗ್ರಂಥ, ವಾಗ್ಭಟನ ಅಷ್ಟಾಂಗಹೃದಯವೇ, ಅದೇ ಜಾಗದಲ್ಲಿ ಯಾರಿಗೆ ಕೂಡದು ಎಂದೂ ಹೇಳುತ್ತದೆ: ಕಫ ಹೆಚ್ಚಾದವರಿಗೆ, ಆಗಷ್ಟೇ ಶೋಧನೆ (ವಾಂತಿ, ಭೇದಿ ಮಾಡಿಸಿ ಮೈ ಶುದ್ಧಿ ಮಾಡುವ ಚಿಕಿತ್ಸೆ) ಮಾಡಿಸಿಕೊಂಡವರಿಗೆ, ಅಜೀರ್ಣ ಇರುವವರಿಗೆ. ನಮ್ಮೂರಲ್ಲಿ ಬಾಣಂತಿ-ಮಗುವಿಗೆ ಎಣ್ಣೆ ನೀರು ಹಾಕುತ್ತಿದ್ದ ಅಜ್ಜಿ ಬಚ್ಚಲಿಗೆ ಹೋಗುವ ಮೊದಲು ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದಳು, ಹಾಲು ಕುಡಿದು ಎಷ್ಟು ಹೊತ್ತಾಯಿತು ಎಂದು ಕೇಳುತ್ತಿದ್ದಳು. ಮೈ ಬೆಚ್ಚಗಿದ್ದರೆ ಹಂಡೆಯ ನೀರು ಹಂಡೆಯಲ್ಲೇ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಮಸಾಜ್ ದೇಹಕ್ಕೆ ಏನು ಮಾಡುತ್ತದೆ ಎಂಬುದರ ಬಗ್ಗೆಯೂ ತಪ್ಪು ಮಾತುಗಳು ಬಹಳ ಓಡಾಡುತ್ತವೆ. ದೇಹದ ವಿಷವನ್ನೆಲ್ಲ ಹೊರಹಾಕುತ್ತದೆ ಎನ್ನುತ್ತಾರೆ. ಆ ಕೆಲಸಕ್ಕೆ ಪಿತ್ತಜನಕಾಂಗ, ಮೂತ್ರಪಿಂಡ ಇವೆ. ಅವುಗಳ ಕೆಲಸ ನನ್ನ ಅಂಗೈ ಮಾಡಲಾರದು. ಸ್ನಾಯುವಿನಲ್ಲಿ ಕೂಡಿದ ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯುತ್ತದೆ ಎನ್ನುತ್ತಾರೆ. ದುಡಿದು ಸುಮ್ಮನೆ ಕುಳಿತರೂ ಸುಮಾರು ಒಂದು ತಾಸಿನೊಳಗೆ ಅದು ತಾನಾಗಿ ಕರಗಿಹೋಗುತ್ತದೆ. 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಹನ್ನೊಂದು ಮಂದಿ ಯುವಕರಿಗೆ ದಣಿಯುವವರೆಗೆ ಸೈಕಲ್ ತುಳಿಸಿ, ಒಂದು ತೊಡೆಗೆ ಮಾತ್ರ ಮಸಾಜ್ ಮಾಡಿ, ಎರಡೂ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ಲ್ಯಾಕ್ಟಿಕ್ ಆಮ್ಲದ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮಸಾಜ್ ಆದ ತೊಡೆಯ ಜೀವಕೋಶಗಳಲ್ಲಿ ಉರಿಯೂತದ ಸಂಕೇತಗಳು ತಗ್ಗಿದ್ದವು. ಹನ್ನೊಂದೇ ಜನ, ನಿಜ. ಆದರೂ ಈ ಸಂಗತಿ ಓದಿದ ದಿನ ನನಗೆ ಬಹಳ ಸಂತೋಷವಾಗಿತ್ತು. ಕೈ ಮಾಡುವ ಕೆಲಸಕ್ಕೆ ಒಳಗೆ ನಿಜವಾದ ಉತ್ತರವೊಂದು ಇರುವಾಗ ಸುಳ್ಳು ಹೇಳಿ ಗಿರಾಕಿ ಹಿಡಿಯುವ ದರಿದ್ರ ನಮಗೆ ಏಕೆ?

ಇನ್ನೊಂದು ಉತ್ತರ ಚರ್ಮದಲ್ಲಿದೆ. ರೋಮವಿರುವ ಚರ್ಮದಲ್ಲಿ ನಿಧಾನದ ಸ್ಪರ್ಶಕ್ಕೆಂದೇ ಇರುವ ಸೂಕ್ಷ್ಮ ನರತಂತುಗಳಿವೆ. ಸೆಕೆಂಡಿಗೆ ಮೂರು ಸೆಂಟಿಮೀಟರ್ ಆಸುಪಾಸಿನ ವೇಗದಲ್ಲಿ ನೇವರಿಸಿದಾಗ ಅವು ಚೆನ್ನಾಗಿ ಸ್ಪಂದಿಸುತ್ತವೆ. ಎಂದರೆ ಮೊಣಕೈಯಿಂದ ಮಣಿಕಟ್ಟಿಗೆ ಅಂಗೈ ಇಳಿಯಲು ಎಂಟು ಸೆಕೆಂಡು. ಈಗಲೇ ನಿಮ್ಮ ಕೈ ಮೇಲೆ ಮಾಡಿ ನೋಡಿ, ಎಷ್ಟು ನಿಧಾನ ಎಂದು ಗೊತ್ತಾಗುತ್ತದೆ. ತಾಯಿ ಮಗುವಿನ ಬೆನ್ನು ಸವರುವ ವೇಗ ಅದು. ಹೀಗೆ ನೀವುತ್ತಿದ್ದರೆ ಉಸಿರು ಆಳವಾಗುತ್ತದೆ, ಎದೆಬಡಿತ ಇಳಿಯುತ್ತದೆ, ರಕ್ತದೊತ್ತಡವೂ ಸ್ವಲ್ಪ ಇಳಿಯುತ್ತದೆ. ಬಿಗಿದ ಸ್ನಾಯುವನ್ನು ನಾವು ಒಡೆಯುವುದಿಲ್ಲ. ಇನ್ನು ಬಿಡಬಹುದು ಎಂದು ನರಗಳಿಗೆ ಧೈರ್ಯ ಬಂದಾಗ ಅದು ತಾನೇ ಸಡಿಲುತ್ತದೆ. ಹೆದರಿದ ಮೈಗೆ ಆ ಧೈರ್ಯ ಬರುವುದಿಲ್ಲ. ಆದ್ದರಿಂದಲೇ ಮೊದಲಿನ ಹತ್ತು ನಿಮಿಷದ ಮಾತು ಚಿಕಿತ್ಸೆಯ ಭಾಗ ಎನ್ನುತ್ತೇನೆ.

ನಮ್ಮ ಹೆಂಗಸರ ಮೊದಲ ಹೆದರಿಕೆ ನೋವಿನದ್ದಲ್ಲ, ಬಟ್ಟೆಯದ್ದು. ಎಷ್ಟು ಬಿಚ್ಚಬೇಕು, ಯಾರು ನೋಡುತ್ತಾರೆ ಎಂದು ಬಾಯಿಬಿಟ್ಟು ಕೇಳಲಾರದೆ ಸೆರಗನ್ನು ಬೆರಳಿಗೆ ಸುತ್ತುತ್ತಾ ಕುಳಿತಿರುತ್ತಾರೆ. ಅವರು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ಬಾಗಿಲಿಗೆ ಒಳಗಿನಿಂದ ಚಿಲಕ ಇದೆ, ಮೈ ಮೇಲೆ ಪೂರ್ತಿ ಪಂಚೆ ಇರುತ್ತದೆ, ಯಾವ ಭಾಗಕ್ಕೆ ಎಣ್ಣೆಯೋ ಅಷ್ಟೇ ಸರಿಸುತ್ತೇನೆ, ಬೇಡ ಎಂದ ಕಡೆ ಕೈ ಹೋಗುವುದಿಲ್ಲ, ಯಾವಾಗ ಸಾಕೆಂದರೂ ನಿಲ್ಲಿಸುತ್ತೇನೆ. ಅಷ್ಟು ಹೇಳಿದ ಕೂಡಲೇ ಭುಜ ಎರಡು ಬೆರಳು ಕೆಳಗಿಳಿಯುವುದು ಕಣ್ಣಿಗೆ ಕಾಣುತ್ತದೆ. ಮಸಾಜ್ ಎಂಬ ಮಾತಿಗೇ ಕೆಟ್ಟ ಹೆಸರು ಬಂದಿರುವ ಕಾಲವಿದು. ನನ್ನ ನಂಬರಿಗೂ ರಾತ್ರಿ ಹೊತ್ತು ಕೊಳಕು ಕರೆಗಳು ಬರುತ್ತವೆ. ಹಾಗಾಗಿ ಬರುವ ಪ್ರತಿ ಹೆಂಗಸಿಗೂ ಇಲ್ಲಿ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳುವುದನ್ನು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ.

ನೋವಾದರೆ ಹೇಳಿ ಎಂದರೂ ಹೇಳುವುದಿಲ್ಲ, ಅದು ಬೇರೆ ವಿಷಯ. ಸಹಿಸುವುದನ್ನೇ ಕಲಿತು ಬಂದವರು. ಆಗ ನಾನು ಮುಖ ನೋಡುವುದಿಲ್ಲ, ಕಾಲ್ಬೆರಳು ನೋಡುತ್ತೇನೆ. ಒತ್ತಡ ಹೆಚ್ಚಾದರೆ ಬಾಯಿ ಸುಮ್ಮನಿದ್ದರೂ ಕಾಲ್ಬೆರಳು ಒಳಕ್ಕೆ ಮುದುಡುತ್ತದೆ, ಉಸಿರು ಅರ್ಧದಲ್ಲಿ ನಿಲ್ಲುತ್ತದೆ. ಅಲ್ಲಿಗೆ ಕೈ ಹಗುರ ಮಾಡಬೇಕು. ನೋವಾದಷ್ಟೂ ಗುಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಬರುವವರಿಗೆ ನಾನು ಫೋನಿನಲ್ಲೇ ಹೇಳುವುದು ಇಷ್ಟು. ಊಟ ಮಾಡಿ ಎರಡು ತಾಸಾದರೂ ಆಗಿರಲಿ, ಹಾಗೆಂದು ಉಪವಾಸ ಬರಬೇಡಿ. ಬಳೆ, ಸರ ಮನೆಯಲ್ಲೇ ತೆಗೆದಿಟ್ಟರೆ ಒಳ್ಳೆಯದು. ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಜೋರಾಗಿ ಒತ್ತುವಂತಿಲ್ಲ, ಮೈ ನೀಲಿಗಟ್ಟುತ್ತದೆ. ಮೂಳೆ ಸವೆದಿದ್ದರೂ ಹಾಗೆಯೇ. ಜ್ವರ, ಕಜ್ಜಿ, ಹಸಿ ಗಾಯ ಇದ್ದರೆ ಆ ದಿನ ಬರಲೇಬೇಡಿ. ಬಸುರಿಯಾಗಿದ್ದರೆ, ಎರಡೇ ತಿಂಗಳಾಗಿದ್ದರೂ, ಮುಚ್ಚಿಡಬೇಡಿ. ಐದು ತಿಂಗಳು ದಾಟಿದವರನ್ನು ಅಂಗಾತ ಬಹಳ ಹೊತ್ತು ಮಲಗಿಸಬಾರದು, ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಅವರನ್ನು ಎಡಮಗ್ಗುಲಿಗೆ ಮಲಗಿಸುತ್ತೇವೆ. ಇನ್ನು ಸೊಂಟನೋವಿನ ಜೊತೆ ತೊಡೆಸಂದು ಮರಗಟ್ಟಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ನನಗೆ ಫೋನ್ ಮಾಡುವುದೂ ಬೇಡ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಎಣ್ಣೆಯನ್ನೂ ಮೊದಲು ಮೊಣಕೈಯ ಒಳಮಡಿಕೆಗೆ ಒಂದು ಹನಿ ಹಚ್ಚಿ ನೋಡುತ್ತೇನೆ. ಕರಾವಳಿಯ ಸೆಖೆಯಲ್ಲಿ ಹಗುರಾಗಿ ಹರಿಯುವ ಕೊಬ್ಬರಿ ಎಣ್ಣೆ ಡಿಸೆಂಬರಿನ ಶಿರಸಿಯಲ್ಲಿ ಬೆಳಗಾಗುವಷ್ಟರಲ್ಲಿ ಬಾಟಲಿಯೊಳಗೆ ಬಿಳಿಯ ಕಲ್ಲಾಗಿರುತ್ತದೆ, 24 ಡಿಗ್ರಿಗಿಂತ ಕೆಳಗಿಳಿದರೆ ಅದರ ಸ್ವಭಾವ ಅದು. ಅಲ್ಲಿ ಎಳ್ಳೆಣ್ಣೆಯೇ ಸರಿ, ಒಡೆದ ಹಿಮ್ಮಡಿಗೆ ಮುರುಗಲ (ಕೋಕಂ) ಬೀಜದಿಂದ ತೆಗೆದ ತುಪ್ಪ. ಎಲ್ಲ ಮುಗಿದ ಮೇಲೆ ತಟ್ಟನೆ ಏಳಲು ಬಿಡುವುದಿಲ್ಲ. ರಕ್ತದೊತ್ತಡ ಇಳಿದಿರುತ್ತದೆ, ಕಣ್ಣು ಕತ್ತಲೆ ಬರಬಹುದು, ಅಂಗಾಲಿನಲ್ಲಿ ಬೇರೆ ಎಣ್ಣೆ. ಮಗ್ಗುಲಾಗಿ, ಎದ್ದು ಕುಳಿತು, ಕಾಲು ಇಳಿಬಿಟ್ಟು, ಎರಡು ನಿಮಿಷ ಬಿಟ್ಟು ನೆಲ ಮುಟ್ಟಬೇಕು. ಆ ಎರಡು ನಿಮಿಷ ಅವರ ತೋಳು ನನ್ನ ಕೈಯಲ್ಲೇ ಇರುತ್ತದೆ.

ಶಿರಸಿಗೆ ಬರುವವರಲ್ಲಿ ಅಡಿಕೆ ಸುಲಿಯುವ ಹೆಂಗಸರು ಹೆಚ್ಚು. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಬಾಗಿ ಕುಳಿತು, ಬಲಭುಜದಿಂದ ಕತ್ತಿನವರೆಗೆ ಹಗ್ಗ ಬಿಗಿದ ಹಾಗೆ ಆಗಿರುತ್ತದೆ. ಅವರಲ್ಲಿ ಒಬ್ಬರು ಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗ ನನ್ನ ಪ್ರಶ್ನೆಗಳಿಗೆಲ್ಲ "ಏನೂ ಇಲ್ಲ" ಎಂದೇ ಉತ್ತರಿಸಿದ್ದರು. ಚೀಲದಲ್ಲಿ ಬಿಪಿ ಮಾತ್ರೆ ಕಣ್ಣಿಗೆ ಬಿದ್ದು ಕೇಳಿದರೆ, "ಅದು ಕಾಯಿಲೆಯಲ್ಲವಲ್ಲ, ದಿನಾ ತಿನ್ನುವುದು" ಎಂದಿದ್ದರು. ಆ ದಿನ ಅವರನ್ನು ಹಬೆಯ ಪೆಟ್ಟಿಗೆಯಲ್ಲಿ ಕೂರಿಸಲಿಲ್ಲ, ಏಕೆಂದು ಕೂತು ವಿವರಿಸಿದೆ. ಮೊನ್ನೆ ಗುರುವಾರ ಮತ್ತೆ ಬಂದರು. ಚಪ್ಪಲಿ ಬಿಟ್ಟು, ಕುಳಿತುಕೊಳ್ಳುವ ಮೊದಲೇ, ಸೊಂಟದ ಚೀಲದಿಂದ ಮಡಚಿದ ಚೀಟಿ ತೆಗೆದು ನನ್ನ ಕೈಗಿಟ್ಟರು. "ತಂಗಿ, ಡಾಕ್ಟರು ಹೊಸ ಮಾತ್ರೆ ಬರೆದಿದ್ದಾರೆ. ಇವತ್ತು ಎಣ್ಣೆ ಹಚ್ಚಬಹುದೋ ಇಲ್ಲವೋ, ನೀನು ನೋಡಿ ಹೇಳು. ಬೇಡವಾದರೆ ಮುಂದಿನ ವಾರ ಬರುತ್ತೇನೆ."