ಬಾಡಿಗೆ ಮನೆಯ ಅಡ್ವಾನ್ಸ್‌ಗೆ ಎರಡು ತಿಂಗಳ ಮಿತಿ ಬೇಕೆ?

ಪರ: ಮಿತಿಯೂ ಬೇಕು, ಹಿಂದಿರುಗಿಸುವ ಗಡುವೂ ಬೇಕು

ಬೆಂಗಳೂರಿನಲ್ಲಿ ಮನೆ ಹುಡುಕುವವರಿಗೆ ಬಾಡಿಗೆಗಿಂತ ದೊಡ್ಡ ಚಿಂತೆ ಅಡ್ವಾನ್ಸಿನದು. ಬಾಡಿಗೆಯ 10 ಪಟ್ಟು ಮುಂಗಡ ಕೇಳುವ ರೂಢಿ ಇಲ್ಲಿ ಬಹುಕಾಲದಿಂದ ನಡೆದುಬಂದಿದೆ. ಈಚೆಗೆ ಹಲವರು ಐದಾರು ತಿಂಗಳಿಗೆ ಇಳಿದಿದ್ದರೂ, ದೆಹಲಿ, ಹೈದರಾಬಾದ್‌ಗಳಲ್ಲಿ ಒಂದೆರಡು ತಿಂಗಳ ಬಾಡಿಗೆ ಕೊಟ್ಟು ಮನೆ ಸೇರಿದ್ದವರು ಇಲ್ಲಿಗೆ ವರ್ಗವಾಗಿ ಬಂದಾಗ ದಿಗಿಲುಬೀಳುವುದು ತಪ್ಪಿಲ್ಲ. 25,000 ರೂಪಾಯಿ ಬಾಡಿಗೆಯ ಮನೆಗೆ ಎರಡೂವರೆ ಲಕ್ಷ ಹೊಂದಿಸಲು ಸಂಬಳದವರು ಸಾಲ ಮಾಡಿ ಬಡ್ಡಿ ಕಟ್ಟುತ್ತಾರೆ. ಆ ಹಣ ಮಾಲೀಕರ ಬಳಿ ಎಷ್ಟು ವರ್ಷ ಇದ್ದರೂ ಬಾಡಿಗೆದಾರನಿಗೆ ಬಡ್ಡಿಯಿಲ್ಲ.

ಕೇಂದ್ರ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ, ಇತರ ಬಳಕೆಯ ಕಟ್ಟಡಕ್ಕೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆಂದು ಹೇಳುತ್ತದೆ. ಮಾಲೀಕರು ಖಾಲಿ ಮನೆಯನ್ನು ವಶಕ್ಕೆ ಪಡೆದ ದಿನವೇ ಬಾಕಿ ಕಳೆದು ಉಳಿದದ್ದನ್ನು ಹಿಂದಿರುಗಿಸಬೇಕೆಂದೂ ಹೇಳುತ್ತದೆ. ನನಗೆ ಮಿತಿಗಿಂತಲೂ ಇದೇ ಮುಖ್ಯ. ಆದರೆ ಈ ವಿಷಯ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದರಿಂದ, ರಾಜ್ಯ ತಾನೇ ಕಾನೂನು ಮಾಡದ ಹೊರತು ಮಾದರಿ ಕಾಯ್ದೆಗೆ ಬಲವಿಲ್ಲ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಂತೂ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗಳನ್ನು ಹೊರಗಿಟ್ಟಿದೆ. ಹೀಗಾಗಿ ಬಹುಪಾಲು ಬಾಡಿಗೆದಾರರ ಕೈಯಲ್ಲಿ ಉಳಿದಿರುವುದು 11 ತಿಂಗಳ ಕರಾರುಪತ್ರ. ಅದರ ಷರತ್ತುಗಳನ್ನು ಬರೆಸುವವರು ಮಾಲೀಕರೇ.

ನನ್ನ ಹಿಂದಿನ ಮನೆಯ ವಿಷಯವನ್ನೇ ಹೇಳುತ್ತೇನೆ. ಕರಾರಿನಂತೆ ಮುಂಚಿತವಾಗಿ ತಿಳಿಸಿ, ಕರೆಂಟ್, ನೀರಿನ ಬಿಲ್ ಕಟ್ಟಿದ ರಸೀದಿ ತೋರಿಸಿ ಕೀಲಿ ಒಪ್ಪಿಸಿದಾಗ, "ಹೊಸಬರು ಬಂದು ಅಡ್ವಾನ್ಸ್ ಕೊಡಲಿ, ಆಮೇಲೆ ನಿಮ್ಮದು ಕೊಡುತ್ತೇನೆ" ಎಂದರು ಮಾಲೀಕರು. ಇತ್ತ ಹೊಸ ಮನೆಯವರು ಪೂರ್ತಿ ಹಣ ಕೈಗೆ ಬರದೆ ಬಾಗಿಲು ತೆರೆಯಲಿಲ್ಲ. ಹೆಂಡತಿಯ ಬಳೆಗಳನ್ನು ಅಡವಿಟ್ಟು ಆ ಹಣ ಹೊಂದಿಸಿದೆವು. ಕೊನೆಗೆ ಹಳೆಯ ಅಡ್ವಾನ್ಸ್ ಬಂದಾಗ ಅದರಲ್ಲಿ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ, ನಾವು ಬರುವ ಮೊದಲೇ ಸೋರುತ್ತಿದ್ದ ನಲ್ಲಿಗೆಂದು ಇನ್ನಷ್ಟು ಮುರಿದುಕೊಂಡಿದ್ದರು. ಪೇಂಟಿಂಗ್ ಬಿಲ್ ಕೇಳಿದರೆ ಉತ್ತರವಿಲ್ಲ. ನಮ್ಮ ನಂತರ ಆ ಮನೆಗೆ ಬಂದವರು ನಮಗೆ ಪರಿಚಿತರು. ಅವರು ಹೊಕ್ಕದ್ದು ಸುಣ್ಣಬಣ್ಣ ಕಾಣದ ಅದೇ ಗೋಡೆಗಳ ನಡುವೆ. ದಿನಬಳಕೆಯ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ಆದರೂ ಹಣವೆಲ್ಲ ಎದುರಿನವರ ಕೈಯಲ್ಲಿರುವಾಗ, ಒಂದು ತಿಂಗಳ ಬಾಡಿಗೆಗಾಗಿ ಯಾರು ತಾನೇ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ?

ಬಾಡಿಗೆ ಬಾಕಿಯಿಟ್ಟು ಹೋಗುವವರ ಭಯದಿಂದ ದೊಡ್ಡ ಮೊತ್ತ ಬೇಕೆನ್ನುವವರು, ಊರಿನ ಬಾಡಿಗೆದಾರರೆಲ್ಲ ರಾತ್ರೋರಾತ್ರಿ ಗಂಟುಮೂಟೆ ಕಟ್ಟುವವರೆಂದು ಭಾವಿಸಿದಂತಿದೆ. ತಿಂಗಳು ತಿಂಗಳೂ ತಪ್ಪದೆ ಬಾಡಿಗೆ ಕಟ್ಟುವ ಲಕ್ಷಾಂತರ ಕುಟುಂಬಗಳಿಗೆ ಇದು ಅವಮಾನ.

ವಿರೋಧ: ಎರಡೇ ತಿಂಗಳೆಂದರೆ ಸಾಲದು

ಈ ಪಕ್ಷವನ್ನು ಮಂಡಿಸುವಂತೆ ಸಂಪಾದಕರು ಕೇಳಿದ್ದಾರೆ. 10 ತಿಂಗಳ ಅಡ್ವಾನ್ಸ್ ಅತಿಯಾಯಿತೆಂಬುದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಎರಡು ತಿಂಗಳ ಗೆರೆಯ ಬಗ್ಗೆ ಮಾತ್ರ.

ಬಾಡಿಗೆಗೆ ಕೊಡುವವರೆಲ್ಲ ಸಾಲು ಕಟ್ಟಡಗಳ ಒಡೆಯರಲ್ಲ. ಕೆಳಗೆ ತಾವಿದ್ದು ಮಹಡಿಯ ಮನೆಯ ಬಾಡಿಗೆಯಿಂದ ಗೃಹಸಾಲದ ಕಂತು ಕಟ್ಟುವವರು, ಪಿಂಚಣಿ ಸಾಲದೆ ಅದನ್ನೇ ನಂಬಿದ ಹಿರಿಯರು ಅವರಲ್ಲಿ ಅನೇಕರಿದ್ದಾರೆ. ಬಾಡಿಗೆದಾರ ಕೊಡುವುದನ್ನು ನಿಲ್ಲಿಸಿದರೆ, ಇವರು ಕಾದು, ಹೇಳಿಸಿ, ನೋಟಿಸ್ ಕಳುಹಿಸುವಷ್ಟರಲ್ಲಿ ಎರಡು ತಿಂಗಳ ಠೇವಣಿ ಕರಗಿರುತ್ತದೆ; ದಾವೆ ಹೂಡಿದರೆ ಮನೆ ತೆರವಾಗುವುದಕ್ಕೆ ವರ್ಷಗಳೇ ಹಿಡಿಯಬಹುದು. ಅವಧಿ ಮೀರಿ ಕುಳಿತವರು ಮೊದಲ ಎರಡು ತಿಂಗಳು ಬಾಡಿಗೆಯ ಇಮ್ಮಡಿ, ಆನಂತರ ನಾಲ್ಕು ಪಟ್ಟು ಕೊಡಬೇಕೆಂದು ಮಾದರಿ ಕಾಯ್ದೆಯಲ್ಲಿದೆ ನಿಜ. ಆದರೆ ಬಾಡಿಗೆಯನ್ನೇ ಕೊಡದವರಿಂದ ಅದರ ನಾಲ್ಕು ಪಟ್ಟನ್ನು ವಸೂಲು ಮಾಡುವ ಬಗೆ ಯಾವುದು?

ಠೇವಣಿ ಕಡಿಮೆಯಾದಷ್ಟೂ ಮಾಲೀಕರು ಅಪರಿಚಿತರಿಗೆ ಮನೆ ಕೊಡಲು ಹಿಂಜರಿಯುತ್ತಾರೆ, ಇಲ್ಲವೇ ಆ ಅಪಾಯವನ್ನು ಬಾಡಿಗೆಗೆ ಸೇರಿಸುತ್ತಾರೆ. ಹಿಂದಿರುಗಿಸುವಾಗಿನ ಜಗಳಗಳಾದರೋ ಕರಾರುಪತ್ರವನ್ನು ಸ್ಪಷ್ಟವಾಗಿ ಬರೆದರೆ ಬಗೆಹರಿಯುವಂಥವು.

ತಮಿಳುನಾಡಿನ 2017ರ ಕಾಯ್ದೆ ಮೂರು ತಿಂಗಳ ಮಿತಿ ಇಟ್ಟರೂ, ಇಬ್ಬರೂ ಬೇರೆ ರೀತಿ ಒಪ್ಪಂದ ಮಾಡಿಕೊಳ್ಳುವುದಕ್ಕೆ ಅವಕಾಶ ಉಳಿಸಿದೆ. ಕರ್ನಾಟಕ ಕಾನೂನು ತರುವುದಾದರೆ ಆ ಹಾದಿಯನ್ನು ಹಿಡಿಯಲಿ, ಮತ್ತು ತೆರವಿನ ದಾವೆಗಳಿಗೆ ಮೊದಲು ಗಡುವು ಕಟ್ಟಲಿ.